ನಿಮಗಿದು ಗೊತ್ತೇ? ಹಳೆ ಫೋರ್ ಬೈ ಫೋರ್ ಜೀಪಿನ ಎರಡನೇ ಪೆಟ್ಟಿಗೆ

ಮುಂಗಾರಿ ಮಳೆ ಹಿಡಿದರೆ ದೇವದುರ್ಗದ ಎರಿ ಹೊಲದ ದಾರಿಗೂ ಮಾನ್ವಿ ಕಡೆಯ ಕಾಲುವೆ ದಂಡೆಗೂ ಸಾಮಾನ್ಯ ಗಾಡಿ ಇಳಿಯುವುದಿಲ್ಲ. ಆಗ ನೆನಪಾಗುವುದು ಮನೆ ಹಿಂದೆ ನಿಂತ ಹಳೆ ಜೀಪು. ಲಿವರ್ ಎಳೆದರೆ ‘ಗೇರ್ ಬೀಳವಲ್ದು’, ಬಿದ್ದರೆ ‘ನಿಲ್ಲವಲ್ದು, ಜಾರ್ತದ’, ನಿಂತರೆ ‘ಅವಾಜ್ ಬರ್ತದ’. ತಕ್ಷಣ ರಾಯಚೂರಿಗೆ ಒಯ್ದು ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸುವ ಯೋಚನೆ ಬರುತ್ತದೆ. ಬಿಚ್ಚುವುದು ಕೊನೆಯ ಕೆಲಸವಾಗಬೇಕು. ಈ ಪೆಟ್ಟಿಗೆಯ ಮೇಲೆ ಹೊರಿಸುವ ಎಷ್ಟೋ ತಪ್ಪುಗಳ ಮೂಲ ಅದರ ಹೊರಗಿರುತ್ತದೆ, ಮತ್ತು ಅದನ್ನು ಹಿಡಿಯಲು ಪಾನಾ ಕೂಡ ಬೇಕಾಗುವುದಿಲ್ಲ.

● ಗೇರ್ ಬಾಕ್ಸಿನ ಬೆನ್ನಿಗೆ ಕೂತ ಈ ಪೆಟ್ಟಿಗೆಗೆ ಕೆಲಸ ಎರಡು. ಇಂಜಿನ್ನಿನ ಬಲವನ್ನು ಹಿಂದಿನ ಆಕ್ಸಲ್ ಜೊತೆಗೆ ಮುಂದಿನದಕ್ಕೂ ಹಂಚುವುದು ಒಂದು. ‘ಲೋ’ಗೆ ಹಾಕಿದಾಗ ವೇಗ ತಗ್ಗಿಸಿ ಬಲ ಹೆಚ್ಚಿಸುವುದು ಇನ್ನೊಂದು.

● 1940ರ ಸೆಪ್ಟೆಂಬರ್ 23ರಂದು ಅಮೆರಿಕದ ಬ್ಯಾಂಟಮ್ ಕಂಪನಿ ತನ್ನ ಮೊದಲ ಮಾದರಿ ಜೀಪನ್ನು ಸೇನೆಯ ಹೊಲಾಬರ್ಡ್ ಶಿಬಿರಕ್ಕೆ ತಲುಪಿಸಿತು. ಸೇನೆ ಕೊಟ್ಟಿದ್ದ ಗಡುವು 49 ದಿನ. ಮರುವರ್ಷ ಬಂದ ವಿಲೀಸ್ ಜೀಪಿನಲ್ಲಿ ಸ್ಪೈಸರ್ 18 ಎಂಬ ಟ್ರಾನ್ಸ್‌ಫರ್ ಕೇಸ್ ಇತ್ತು. ಎರಕದ ಕಬ್ಬಿಣದ ಈ ಪೆಟ್ಟಿಗೆ ಆಮೇಲೆ ಡಾನಾ 18 ಎಂದೇ ಹೆಸರಾಗಿ, ಅಮೆರಿಕದ ನಾಗರಿಕ ಜೀಪುಗಳಲ್ಲಿ 1971ರವರೆಗೂ ಮುಂದುವರಿಯಿತು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಮುಂಬೈನ ಮಜಗಾಂವ್‌ನಲ್ಲಿ ವಿಲೀಸ್ ಜೀಪು ಜೋಡಿಸತೊಡಗಿತು. ಎತ್ತರದ ಬಾನೆಟ್ಟಿನ ಸಿಜೆ–3ಬಿ ಜೀಪಿನ ಜೊತೆ ಇದೇ ಪೆಟ್ಟಿಗೆ ನಮ್ಮ ಹೊಲದ ದಾರಿಗೂ ಬಂತು.

● ಯುದ್ಧ ಮುಗಿದ 1945ರಲ್ಲಿ ಹೊರಟ ಮೊದಲ ನಾಗರಿಕ ಜೀಪು ಸಿಜೆ–2ಎ. ಅದನ್ನು ಮಾರಿದ್ದೇ ರೈತರ ಗಾಡಿ ಎಂದು. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಮುಚ್ಚಳ ತೆಗೆದು ಅಲ್ಲಿಂದಲೇ ಪಿಟಿಓ ಶಾಫ್ಟ್ ಜೋಡಿಸಿ ಬೆಲ್ಟು ಯಂತ್ರ ಓಡಿಸಬಹುದಿತ್ತು. ಲಿವರಿನಲ್ಲಿ ‘ನ್ಯೂಟ್ರಲ್’ ಇರುವುದರ ಒಂದು ಉಪಯೋಗ ಅದೇ: ಗಾಲಿ ನಿಂತಿರುತ್ತದೆ, ಇಂಜಿನ್ ಯಂತ್ರ ತಿರುಗಿಸುತ್ತದೆ.

● ನಿಮ್ಮ ಜೀಪು ನಿಜವಾಗಿಯೂ ಫೋರ್ ಬೈ ಫೋರ್ ಹೌದೇ? ಹಳೆ ಗಾಡಿ ಕೊಳ್ಳುವವರು ಮೊದಲು ಬಗ್ಗಿ ನೋಡಬೇಕಾದದ್ದು ಮುಂದಿನ ಆಕ್ಸಲ್. ಹಿಂದಿನದರಂತೆ ಅಲ್ಲಿಯೂ ಕ್ರೌನ್ ಪಿನಿಯನ್ ಇರುವ ಗುಂಡನೆಯ ಹೌಸಿಂಗ್ ಇರಬೇಕು, ಅಲ್ಲಿಂದ ಒಂದು ಪ್ರಾಪೆಲರ್ ಶಾಫ್ಟ್ ಹಿಂದಕ್ಕೆ ಹೋಗಿರಬೇಕು. ಒಳಗೆ ಲಿವರ್ ಇದ್ದ ಮಾತ್ರಕ್ಕೆ ಸಾಲದು. ರಿಪೇರಿಗೆಂದು ಬಿಚ್ಚಿದ ಮುಂದಿನ ಶಾಫ್ಟನ್ನು ಮರಳಿ ಹಾಕದ ಗಾಡಿಗಳೂ ಇರುತ್ತವೆ. ಟೂ ವ್ಹೀಲ್ ಎಂದು ನೋಂದಣಿಯಾದ ಜೀಪಿಗೆ ಆಮೇಲೆ ಫೋರ್ ಬೈ ಫೋರ್ ಜೋಡಿಸಿದ್ದರೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಕೆಳಗೆ ಬರುವ ಮಾರ್ಪಾಡು. ಆರ್‌ಸಿ ಪುಸ್ತಕ ಓದದೆ ಹಣ ಕೊಡಬೇಡಿ.

● ಎರಿ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ನೀರು ಹೀರಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಆಳಕ್ಕೆ ಬಿರಿಯುತ್ತದೆ. ರಾಡಿ ಟೈರಿನ ಹಲ್ಲುಗಳೊಳಗೆ ತುಂಬಿದ ಮೇಲೆ ನಾಲ್ಕೂ ಗಾಲಿ ತಿರುಗಿದರೂ ಹಿಡಿತ ಸಿಗದು. ಅದು ಟೈರಿನ ಸೋಲು, ಪೆಟ್ಟಿಗೆಯದಲ್ಲ.

● ‘ಫೋರ್ ಬೈ ಫೋರ್ ಹಾಕೀನಿ, ಎರಡೇ ಗಾಲಿ ತಿರುಗ್ತಾವ’ ಎಂಬ ದೂರು ಬಂದರೆ ಯಾವ ಎರಡು ಎಂದು ಕೇಳಿ. ಮುಂದಿನದೊಂದು, ಹಿಂದಿನದೊಂದು ತಿರುಗುತ್ತಿದ್ದರೆ ಟ್ರಾನ್ಸ್‌ಫರ್ ಕೇಸ್ ತನ್ನ ಕೆಲಸ ಪೂರ್ತಿ ಮಾಡಿದೆ. ಸಾದಾ ಡಿಫರೆನ್ಷಿಯಲ್ ಯಾವಾಗಲೂ ಹಿಡಿತ ಕಡಿಮೆ ಇರುವ ಗಾಲಿಯನ್ನೇ ತಿರುಗಿಸುತ್ತದೆ. ಹಿಂದಿನ ಗಾಲಿ ಮಾತ್ರ ತಿರುಗುತ್ತಿದ್ದರೆ ಆಗ ಹುಡುಕಾಟ ಶುರು ಮಾಡಬೇಕು.

● ಆ ಹುಡುಕಾಟದ ಮೊದಲ ನಿಲ್ದಾಣ ಮುಂದಿನ ಗಾಲಿಯ ನಡುವಿನ ಹಬ್. ಮಾರುತಿ ಜಿಪ್ಸಿಯಲ್ಲೂ ಹಲವು ಜೀಪುಗಳಲ್ಲೂ ಕೈಯಿಂದ ತಿರುಗಿಸುವ ಫ್ರೀ ವ್ಹೀಲ್ ಹಬ್ ಇರುತ್ತದೆ. ಅದು ‘ಫ್ರೀ’ ಎಂಬಲ್ಲೇ ಇದ್ದರೆ ಲಿವರ್ ಎಷ್ಟು ಎಳೆದರೂ ಮುಂದಿನ ಶಾಫ್ಟ್ ಸುಮ್ಮನೆ ತಿರುಗುತ್ತದೆ, ಗಾಲಿಗೆ ಬಲ ಮುಟ್ಟದು. ಒಂದೇ ಕಡೆಯ ಹಬ್ ಲಾಕ್ ಆಗಿದ್ದರೂ ಅಷ್ಟೇ, ಏಕೆಂದರೆ ಡಿಫರೆನ್ಷಿಯಲ್ ಬಲವನ್ನೆಲ್ಲ ಬಿಡುವಾಗಿರುವ ಕಡೆಗೆ ಬಿಟ್ಟುಕೊಡುತ್ತದೆ. ಎರಡನ್ನೂ ‘ಲಾಕ್’ಗೆ ತಿರುಗಿಸಿ, ಲಿವರನ್ನು ಟೂ ವ್ಹೀಲಿಗೆ ತಂದು, ಮುಂದಿನ ಪ್ರಾಪೆಲರ್ ಶಾಫ್ಟಿಗೆ ಸುಣ್ಣದ ಗುರುತು ಹಾಕಿ, ಮೆತ್ತನೆಯ ನೆಲದ ಮೇಲೆ ಒಬ್ಬರು ನಿಧಾನ ಓಡಿಸಲಿ, ಇನ್ನೊಬ್ಬರು ಪಕ್ಕದಲ್ಲಿ ದೂರ ನಿಂತು ನೋಡಲಿ. ಹಬ್ ಲಾಕ್ ಆಗಿದ್ದಾಗ ಗಾಲಿಯೇ ಶಾಫ್ಟನ್ನು ತಿರುಗಿಸುತ್ತದೆ. ಗಾಲಿ ಉರುಳಿಯೂ ಗುರುತು ಕದಲದಿದ್ದರೆ ಹಬ್ ಅಥವಾ ಮುಂದಿನ ಆಕ್ಸಲ್ ಕೆಟ್ಟಿದೆ.

● ಸ್ಪೀಡೋಮೀಟರ್ ಕೇಬಲ್ ಬರುವುದು ಟ್ರಾನ್ಸ್‌ಫರ್ ಕೇಸಿನಿಂದ, ಹಿಂದಿನ ಶಾಫ್ಟಿಗೆ ಬಲ ಹೊರಡುವ ಜಾಗದಿಂದ. ಇದು ಗೊತ್ತಿದ್ದರೆ ಒಂದು ಗೆರೆ ಎಳೆದಂತೆ ತಪ್ಪು ಯಾವ ಕಡೆ ಇದೆ ಎಂದು ಹೇಳಬಹುದು. ಗಟ್ಟಿ ನೆಲದ ಮೇಲೆ ಗೇರು ಹಾಕಿ ಕ್ಲಚ್ ಬಿಟ್ಟಿರಿ, ಜೀಪು ಕದಲಲಿಲ್ಲ, ಆದರೆ ಮುಳ್ಳು ಏರಿತು. ಹಾಗಿದ್ದರೆ ಬಲ ಪೆಟ್ಟಿಗೆ ದಾಟಿ ಹೋಗಿದೆ. ಪ್ರಾಪೆಲರ್ ಶಾಫ್ಟ್, ಕ್ರೌನ್ ಪಿನಿಯನ್, ಆಕ್ಸಲ್ ಶಾಫ್ಟ್ ನೋಡಿ. ಮುಳ್ಳು ಏಳಲೇ ಇಲ್ಲವೆಂದರೆ ತಪ್ಪು ಕ್ಲಚ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಈ ಮೂರರೊಳಗೆ. ಕೇಬಲ್ ಸರಿ ಇದೆ ಎಂದು ಮೊದಲೇ ಖಾತ್ರಿ ಮಾಡಿಕೊಂಡಿರಬೇಕು. ಮತ್ತು ಎಲ್ಲಕ್ಕಿಂತ ಮೊದಲು ಟ್ರಾನ್ಸ್‌ಫರ್ ಕೇಸಿನ ಸಣ್ಣ ಲಿವರ್ ‘ನ್ಯೂಟ್ರಲ್’ನಲ್ಲಿ ಇಲ್ಲವಲ್ಲ ಎಂದು ಕೈಯಿಂದ ಮುಟ್ಟಿ ನೋಡಿ. ಹಿಂದೆ ಹೇರಿದ ಚೀಲ ಒರಗಿದರೂ ಸವೆದ ಲಿವರ್ ನ್ಯೂಟ್ರಲ್ಲಿಗೆ ಸರಿಯುತ್ತದೆ.

● ‘ಹಾಕಿದ್ದು ತೆಗೀಲಿಕ್ಕ ಬರವಲ್ದು’ ಎಂಬ ದೂರಿನಷ್ಟು ತಪ್ಪು ತಿಳಿದ ದೂರು ಬೇರೊಂದಿಲ್ಲ. ಈ ಹಳೆ ಪೆಟ್ಟಿಗೆಗಳಲ್ಲಿ ಮುಂದಿನ, ಹಿಂದಿನ ಶಾಫ್ಟುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್ ಬೈ ಫೋರ್ ಹಾಕಿದೊಡನೆ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಹೋಗುತ್ತವೆ. ರಾಡಿಯಲ್ಲಿ, ಮರಳಿನಲ್ಲಿ ಗಾಲಿ ಸ್ವಲ್ಪ ಜಾರಿ ಆ ಲೆಕ್ಕ ಸರಿಹೋಗುತ್ತದೆ. ಡಾಂಬರಿನ ಮೇಲೆ ಜಾರುವುದಿಲ್ಲ. ಶಾಫ್ಟುಗಳಲ್ಲಿ ತಿರುಚು ತುಂಬಿಕೊಳ್ಳುತ್ತದೆ, ಹಲ್ಲುಗಳು ಒಂದನ್ನೊಂದು ಬಿಗಿಹಿಡಿಯುತ್ತವೆ, ಸ್ಟೀರಿಂಗ್ ಭಾರವಾಗುತ್ತದೆ, ಲಿವರ್ ಕಲ್ಲಾಗುತ್ತದೆ.
ಸುತ್ತಿಗೆ ಬೇಡ, ಪೈಪು ಹಾಕಿ ಎಳೆಯುವುದೂ ಬೇಡ. ಸ್ಟೀರಿಂಗ್ ನೇರ ಹಿಡಿದು ಕೆಲವು ಅಡಿ ರಿವರ್ಸ್ ತೆಗೆದುಕೊಳ್ಳಿ. ತಿರುಚು ಬಿಚ್ಚಿಕೊಂಡು ಲಿವರ್ ತಾನಾಗಿ ಸಡಿಲವಾಗುತ್ತದೆ. ಇಲ್ಲದಿದ್ದರೆ ಒಂದು ಬದಿಯ ಗಾಲಿಗಳನ್ನು ರಸ್ತೆ ಪಕ್ಕದ ಮಣ್ಣಿಗಿಳಿಸಿ. ಹೊಲದಿಂದ ಗಬ್ಬೂರಿನ ರಸ್ತೆಗೆ ಹತ್ತಿದ ಮೇಲೆ ಲಿವರ್ ತೆಗೆಯಲು ಮರೆತು ರಾಯಚೂರಿನವರೆಗೆ ಹಾಗೇ ಓಡಿಸಿದರೆ, ಅಂದು ಏನೂ ಆಗದಿರಬಹುದು. ಆದರೆ ಆ ಬಿಗಿತವನ್ನು ಶಾಫ್ಟಿನ ಕ್ರಾಸ್ (ಯೂನಿವರ್ಸಲ್ ಜಾಯಿಂಟ್), ಬೇರಿಂಗ್, ಗೇರಿನ ಹಲ್ಲು ಎಲ್ಲವೂ ತಾಳಿಕೊಂಡಿರುತ್ತವೆ, ಮತ್ತು ಮುಂದಿನ ಸವೆತ ಅಲ್ಲಿಂದಲೇ ಶುರು.

● ಇದೇ ಬಿಗಿತ ನೇರ ರಸ್ತೆಯಲ್ಲೂ ಬರಬಹುದು. ಹಿಂದೆ ಹೊಸ ಟೈರ್, ಮುಂದೆ ಸವೆದ ಟೈರ್ ಇದ್ದರೆ ಸಾಕು. ಒಂದರ ಅಡ್ಡಳತೆ 72 ಸೆಂ.ಮೀ., ಇನ್ನೊಂದರದು 71 ಸೆಂ.ಮೀ. ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ ಮೊದಲನೆಯದು ಸುಮಾರು 442 ಸುತ್ತು, ಎರಡನೆಯದು ಸುಮಾರು 448 ಸುತ್ತು ಹಾಕಬೇಕು. ಪ್ರತಿ ಕಿಲೋಮೀಟರಿಗೆ ಆರು ಸುತ್ತಿನ ಜಗಳ ಪೆಟ್ಟಿಗೆಯೊಳಗೆ ನಡೆಯುತ್ತದೆ. ನಾಲ್ಕೂ ಟೈರಿಗೆ ಒಂದೇ ಅಳತೆ, ಒಂದೇ ಗಾಳಿ ಇರಲಿ.

● ವಿಲೀಸ್ ಸಿಜೆ–3ಬಿಯ ಗೇರ್ ಬಾಕ್ಸಿನ ಒಂದನೇ ಗೇರು 2.798, ಟ್ರಾನ್ಸ್‌ಫರ್ ಕೇಸಿನ ಲೋ 2.46, ಆಕ್ಸಲ್ 5.38. ಮೂರನ್ನೂ ಗುಣಿಸಿದರೆ 37. ಇಂಜಿನ್ 37 ಸುತ್ತು ತಿರುಗಿದರೆ ಗಾಲಿ ಒಂದು ಸುತ್ತು. ಇಂಜಿನ್ ನಿಮಿಷಕ್ಕೆ 1000 ಸುತ್ತಿನಲ್ಲಿರುವಾಗ ಜೀಪಿನ ವೇಗ ಗಂಟೆಗೆ ನಾಲ್ಕು ಕಿಲೋಮೀಟರಿಗೂ ಕಡಿಮೆ, ಹೆಚ್ಚುಕಡಿಮೆ ಜೋಡೆತ್ತಿನ ನಡಿಗೆ. ಹೂತ ಗಾಡಿಗೆ ಬೇಕಾದದ್ದು ಈ ನಿಧಾನವೇ. ಆಕ್ಸಿಲರೇಟರ್ ತುಳಿದು ಗಾಲಿ ಗಿರ್ರನೆ ತಿರುಗಿಸಿದರೆ ಎರಿ ಮಣ್ಣು ಇನ್ನಷ್ಟು ಅಗೆದುಕೊಂಡು ಹೋಗುತ್ತದೆ.

● ವೇಗ ಬಿಟ್ಟು ಬಲ ಗಳಿಸುವ ಈ ಲೆಕ್ಕ ರಾಯಚೂರು ಕೋಟೆಯ ಗೋಡೆಯ ಮೇಲೆ ಕೆತ್ತಿದೆ. ಅಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ ಕಾಕತೀಯರ ಕಾಲದ, 1294ರ ಶಾಸನವಿದೆ. ಜೊತೆಯ ಚಿತ್ರದಲ್ಲಿ ಆ ಕಲ್ಲನ್ನು ಗಾಡಿಗೆ ಹೇರಿ, ಕೋಣಗಳ ಉದ್ದ ಸಾಲು ಕಟ್ಟಿ ಎಳೆಸುತ್ತಿದ್ದಾರೆ. ಕೆಲವರು ಗಾಲಿಗೇ ಸನ್ನೆಗೋಲು ಹಾಕಿ ಮೀಟುತ್ತಿದ್ದಾರೆ. ಕೋಟೆ ನೋಡಲು ಹೋದವರು ಈ ಕಲ್ಲು ತಪ್ಪಿಸಬೇಡಿ.

● ಡಾನಾ 18ರಲ್ಲಿ ಎರಡು ಸಣ್ಣ ಲಿವರ್: ಒಂದು ಮುಂದಿನ ಆಕ್ಸಲ್ ಸೇರಿಸಲು, ಇನ್ನೊಂದು ಹೈ, ನ್ಯೂಟ್ರಲ್, ಲೋ ಬದಲಿಸಲು. ಮುಂದಿನ ಆಕ್ಸಲ್ ಸೇರಿಸದೆ ಲೋ ಬೀಳುವುದಿಲ್ಲ. ಇದು ದೋಷವಲ್ಲ, ರಕ್ಷಣೆ. ಹೆಚ್ಚಿದ ಬಲವೆಲ್ಲ ಹಿಂದಿನ ಆಕ್ಸಲ್ ಒಂದರ ಮೇಲೆ ಬಿದ್ದು ಅದು ಮುರಿಯಬಾರದೆಂದು ಎರಡು ರಾಡುಗಳ ನಡುವೆ ಒಂದು ಸಣ್ಣ ಇಂಟರ್‌ಲಾಕ್ ಗುಳಿಗೆ ಇಟ್ಟಿದ್ದಾರೆ. ಲೋ ಹಾಕುವಾಗ ಕಿರ್ರೆಂದರೂ ಗಾಬರಿ ಬೇಡ. ಇಲ್ಲಿ ಸಿಂಕ್ರೋ ಇಲ್ಲ. ಗಾಡಿ ಪೂರ್ತಿ ನಿಲ್ಲಿಸಿ ಹಾಕಿ. ಹಲ್ಲು ಹಲ್ಲಿಗೆ ಎದುರು ನಿಂತು ಬೀಳದಿದ್ದರೆ ಗಾಡಿಯನ್ನು ಒಂದೆರಡು ಇಂಚು ಉರುಳಿಸಿ ಮತ್ತೆ ನೋಡಿ.

● ಗೇರು ಜಾರುತ್ತದೆಯೇ? ಮೊದಲು ಲಿವರ್ ನೆಲದ ತಗಡಿಗೆ ತಾಗಿ ಪೂರ್ತಿ ಕೂಡುತ್ತಿಲ್ಲವೇ ನೋಡಿ. ಆಮೇಲೆ ಇಂಜಿನ್, ಗೇರ್ ಬಾಕ್ಸುಗಳ ರಬ್ಬರ್ ಮೌಂಟಿಂಗ್. ಅವು ಹರಿದಿದ್ದರೆ ಭಾರ ಬಿದ್ದಾಗ ಪೆಟ್ಟಿಗೆಯೇ ಓಲಾಡಿ ಲಿವರನ್ನು ಹೊರಕ್ಕೆ ತಳ್ಳುತ್ತದೆ. ಮೂರನೆಯದಾಗಿ, ರಾಡನ್ನು ಜಾಗದಲ್ಲಿ ಹಿಡಿಯುವ ಸಣ್ಣ ಗುಂಡು ಮತ್ತು ಸ್ಪ್ರಿಂಗ್. ಸ್ಪ್ರಿಂಗ್ ಸತ್ತಿದ್ದರೆ ಹೊಸದಕ್ಕೆ ಹೆಚ್ಚು ಖರ್ಚಿಲ್ಲ. ಇವೆಲ್ಲ ಸರಿ ಇದ್ದೂ ಲೋ ಮಾತ್ರ ಜಾರಿದರೆ ಆಗ ಒಳಗಿನ ಫೋರ್ಕ್, ನಡುವಿನ ಗೇರಿನ ಥ್ರಸ್ಟ್ ವಾಷರ್, ಮೂಲೆ ದುಂಡಾದ ಹಲ್ಲು ಇವುಗಳ ಸರದಿ. ಡಾನಾ 18ರ ಕೆಳಗಿನ ತಗಡಿನ ತಟ್ಟೆಯನ್ನಷ್ಟೇ ಬಿಚ್ಚಿ ಟಾರ್ಚ್ ಹಿಡಿದರೆ ಹಲ್ಲುಗಳ ಸ್ಥಿತಿ ಕಾಣುತ್ತದೆ, ಪೆಟ್ಟಿಗೆ ಇಳಿಸಬೇಕಿಲ್ಲ.

● ಡಾನಾ 18ರಲ್ಲಿ ಹಿಂದಿನ ಶಾಫ್ಟ್ ಹೊರಡುವುದು ನೇರಕ್ಕಲ್ಲ, ಬಲಕ್ಕೆ ಸರಿದು. ಆದ್ದರಿಂದ ಹೈ ಗೇರಿನಲ್ಲೂ ಬಲ ನಡುವಿನ ಗೇರನ್ನು ದಾಟಿಯೇ ಹೋಗಬೇಕು. ಹಳೆ ಜೀಪಿನ ಆ ಸಣ್ಣ ಗುಂಯ್ ಎಂಬ ಸದ್ದು ಹುಟ್ಟಿನಿಂದ ಬಂದದ್ದು. ಸದ್ದು ದಿನೇ ದಿನೇ ಏರುತ್ತಿದ್ದರೆ ಮಾತ್ರ ಹುಡುಕಬೇಕು.

● ಹುಡುಕುವ ಕ್ರಮ ಹೀಗೆ. ಸಮತಟ್ಟು ನೆಲ, ಗಾಲಿಗೆ ಕಲ್ಲು. ಗೇರ್ ಬಾಕ್ಸ್ ನ್ಯೂಟ್ರಲ್, ಇಂಜಿನ್ ಚಾಲೂ. ಈಗ ಸದ್ದಿದ್ದರೆ ಅದು ಟ್ರಾನ್ಸ್‌ಫರ್ ಕೇಸಿನದಾಗಲು ಸಾಧ್ಯವಿಲ್ಲ, ಅದರೊಳಗೆ ಏನೂ ತಿರುಗುತ್ತಿಲ್ಲ. ಕ್ಲಚ್ ಒತ್ತಿದಾಗ ನಿಂತರೆ ಗೇರ್ ಬಾಕ್ಸಿನ ಬೇರಿಂಗ್. ಎರಡನೇ ಹೆಜ್ಜೆ: ಸಣ್ಣ ಲಿವರ್ ನ್ಯೂಟ್ರಲ್ಲಿಗೆ, ಗೇರ್ ಬಾಕ್ಸ್ ಟಾಪ್ ಗೇರಿಗೆ, ಕ್ಲಚ್ ಬಿಡಿ. ಟ್ರಾನ್ಸ್‌ಫರ್ ಕೇಸಿನ ಒಳಗೇರುಗಳು ತಿರುಗುತ್ತವೆ, ಹೊರ ಶಾಫ್ಟುಗಳು ನಿಂತಿರುತ್ತವೆ. ಮೊದಲಿರದ ಸದ್ದು ಈಗ ಬಂದರೆ ದೋಷ ಒಳಗಿದೆ. ಈಗಲೂ ಇಲ್ಲ, ಓಡುವಾಗ ಮಾತ್ರ ಬರುತ್ತದೆ ಎಂದರೆ ಹೊರ ಬೇರಿಂಗ್, ಪ್ರಾಪೆಲರ್ ಶಾಫ್ಟ್, ಆಕ್ಸಲ್ ನೋಡಿ.

● ಗಾಡಿ ಎದ್ದೇಳುವಾಗ ‘ಟಕ್’ ಎಂದು ಒಂದೇ ಏಟು ಕೇಳಿದರೆ ಕ್ರಾಸ್ ಸವೆದಿರುವ ಸಾಧ್ಯತೆ ಹೆಚ್ಚು. ಇಂಥ ಜಾಯಿಂಟನ್ನು ಮೋಟಾರು ಗಾಡಿಗೆ ಒಗ್ಗಿಸಿ 1903ರಲ್ಲಿ ಪೇಟೆಂಟ್ ಪಡೆದವರು ಕ್ಲಾರೆನ್ಸ್ ಸ್ಪೈಸರ್. ನಮ್ಮ ಪೆಟ್ಟಿಗೆಗೆ ಬಂದ ಹೆಸರೂ ಅವರದೇ. ಕ್ರಾಸ್ ಬದಲಿಸಿದ ಮೇಲೆ ಗಾಡಿ ಹೊಸದಾಗಿ ನಡುಗತೊಡಗಿದರೆ ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ಸಾಲಿನಲ್ಲಿವೆಯೇ ನೋಡಿ. ಜೋಡಿಸುವಾಗ ಸ್ಪ್ಲೈನಿನ ಒಂದು ಹಲ್ಲು ತಪ್ಪಿದರೂ ಆ ನಡುಕ ಬರುತ್ತದೆ, ಮತ್ತು ಅದು ಪೆಟ್ಟಿಗೆಯ ಬೇರಿಂಗನ್ನೇ ತಿನ್ನುತ್ತದೆ.

● ಹಳೆ ವಿಲೀಸ್ ಮಾದರಿಯ ಹ್ಯಾಂಡ್ ಬ್ರೇಕ್ ಗಾಲಿಯಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ತುದಿಯ ಡ್ರಮ್ಮಿನಲ್ಲಿದೆ. ಇದರಿಂದ ಎರಡು ಮಾತು. ಹ್ಯಾಂಡ್ ಬ್ರೇಕ್ ಹಿಡಿಯದಿದ್ದರೆ ಕೇಬಲ್ ಬಿಗಿ ಮಾಡುವ ಮೊದಲು ಡ್ರಮ್ ತೆಗೆದು ನೋಡಿ. ಆಯಿಲ್ ಸೀಲ್ ಸೋರಿ ಲೈನರ್ ನೆನೆದಿರಬಹುದು. ಎರಡನೆಯದು ಜೀವದ ಮಾತು. ಟೈರ್ ಬದಲಿಸಲು ಹಿಂದಿನ ಒಂದು ಗಾಲಿಯನ್ನು ಜಾಕ್ ಮೇಲೆ ಎತ್ತಿದಿರೋ, ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಗಾಡಿ ಉರುಳಬಹುದು. ಶಾಫ್ಟ್ ನಿಂತಿದ್ದರೂ ಎತ್ತಿದ ಗಾಲಿ ಒಂದು ಕಡೆಗೆ, ನೆಲದ ಗಾಲಿ ಇನ್ನೊಂದು ಕಡೆಗೆ ತಿರುಗಲು ಡಿಫರೆನ್ಷಿಯಲ್ ಬಿಡುತ್ತದೆ. ಗಾಲಿಗೆ ಕಲ್ಲು ಕೊಡದೆ ಇಂಥ ಜೀಪಿನ ಕೆಳಗೆ ಯಾರೂ ತೂರಬಾರದು.

● ಸಣ್ಣ ಲಿವರ್ ನ್ಯೂಟ್ರಲ್ಲಿನಲ್ಲಿದ್ದರೆ ಇಳಿಜಾರಿನಲ್ಲಿ ಗೇರಿಗೆ ಹಾಕಿ ನಿಲ್ಲಿಸಿದ್ದಕ್ಕೂ ಅರ್ಥವಿಲ್ಲ. ಇಂಜಿನ್ನಿಗೂ ಗಾಲಿಗೂ ಸಂಬಂಧವೇ ಕಡಿದಿರುತ್ತದೆ.

● ಆಯಿಲ್ ಬದಲಿಸುವಾಗ ಕೆಳಗಿನ ಬಿರಡೆಗಿಂತ ಮೊದಲು ಮೇಲಿನದನ್ನು ಬಿಚ್ಚಿ. ಇದ್ದ ಆಯಿಲ್ ಹರಿದುಹೋದ ಮೇಲೆ ಮೇಲಿನ ಬಿರಡೆ ತುಕ್ಕು ಹಿಡಿದು ತಿರುಗದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ತುಂಬುವಾಗ ಸಮತಟ್ಟಿನಲ್ಲಿ, ಮೇಲಿನ ತೂತಿನಿಂದ ತುಳುಕುವವರೆಗೆ. ಹೊರಗೆ ಸೋರಿಕೆ ಇಲ್ಲದೆಯೇ ಗೇರ್ ಬಾಕ್ಸಿನ ಆಯಿಲ್ ಇಳಿದು ಟ್ರಾನ್ಸ್‌ಫರ್ ಕೇಸಿನದು ಏರಿದ್ದರೆ ಅಚ್ಚರಿಯಿಲ್ಲ. ಒಂದರಿಂದ ಒಂದಕ್ಕೆ ಆಯಿಲ್ ದಾಟುತ್ತದೆ. ಎರಡನ್ನೂ ಒಟ್ಟಿಗೆ ನೋಡಿ.

● ಹೊರತೆಗೆದ ಆಯಿಲ್ ಬಹಳ ಹೇಳುತ್ತದೆ. ಅಯಸ್ಕಾಂತಕ್ಕೆ ಹತ್ತುವ ನುಣ್ಣನೆಯ ಬೂದು ಪುಡಿ ಮಾಮೂಲಿ ಸವೆತ. ಕಬ್ಬಿಣದ ಚಕ್ಕೆ ಬಂದರೆ ಹಲ್ಲು ಅಥವಾ ಬೇರಿಂಗ್ ಒಡೆದಿದೆ, ಗಾಡಿ ಓಡಿಸಬೇಡಿ. ಅಯಸ್ಕಾಂತಕ್ಕೆ ಹತ್ತದ ಹಳದಿ ಹೊಳಪು ಥ್ರಸ್ಟ್ ವಾಷರಿನದು ಅಥವಾ ಗೇರ್ ಬಾಕ್ಸಿನ ಸಿಂಕ್ರೋ ರಿಂಗಿನದು. ಬೆಳ್ಳಗೆ ಹಾಲು ಬೆರೆತಂತಿದ್ದರೆ ನೀರು ಹೊಕ್ಕಿದೆ.

● ನೀರು ಹೋಗುವುದು ಹೇಗೆ? ಓಡಿ ಕಾದ ಪೆಟ್ಟಿಗೆ ಹಳ್ಳದ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. 2009ರ ಅಕ್ಟೋಬರಿನ ನೆರೆಯನ್ನೂ, 2019ರ ಆಗಸ್ಟಿನಲ್ಲಿ ಹೂವಿನಹೆಡಗಿ ಸೇತುವೆ ಮುಳುಗಿಸಿದ ಕೃಷ್ಣೆಯನ್ನೂ ಕಂಡ ಸೀಮೆ ಇದು. ನೀರಿನಲ್ಲಿ ನಿಂತ ಗಾಡಿಯ ಇಂಜಿನ್ ಆಯಿಲ್ ಬದಲಿಸಿ ಈ ಪೆಟ್ಟಿಗೆ, ಎರಡೂ ಆಕ್ಸಲ್‌ಗಳನ್ನು ಮರೆಯುವವರು ಬಹಳ. ಇದಕ್ಕೆ ವಿರುದ್ಧವಾದ ತೊಂದರೆ ಬೇಸಿಗೆಯದು. ಗಾಳಿಕಿಂಡಿ ಮಣ್ಣಿನಿಂದ ಮುಚ್ಚಿದ್ದರೆ ಕಾದ ಗಾಳಿ ಆಯಿಲನ್ನೇ ಸೀಲಿನಾಚೆ ತಳ್ಳುತ್ತದೆ. ಸೀಲ್ ಎಷ್ಟು ಸಲ ಹೊಸದು ಹಾಕಿದರೂ ಸೋರಿಕೆ ನಿಲ್ಲದಿದ್ದರೆ ಮೊದಲು ಆ ಕಿಂಡಿ ಚೊಕ್ಕ ಮಾಡಿ.

● ಸೀಲ್ ಕೊಯ್ಯುವ ಇನ್ನೊಂದು ಕಾರಣ ನಮ್ಮ ಹೊಲದ್ದೇ. ಮಾನ್ವಿ ಕಡೆಯ ನೆಲ್ಲುಹುಲ್ಲು, ಪ್ಲಾಸ್ಟಿಕ್ ಸುತಳಿ, ಹತ್ತಿ ಗಿಡದ ನಾರು ಶಾಫ್ಟಿಗೆ ಸುತ್ತಿಕೊಂಡು ಸೀಲಿನ ಬಾಯಿಗೆ ಬಂದು ಕೂಡುತ್ತವೆ. ಒಣಗಿದ ಎರಿ ಮಣ್ಣೂ ಅಲ್ಲಿ ಗಟ್ಟಿಯಾಗಿ ಉಜ್ಜುತ್ತದೆ. ಸುಗ್ಗಿ ಮುಗಿದ ಮೇಲೆ ಒಂದು ಸಲ ಕೆಳಗೆ ಮಲಗಿ ಬಿಡಿಸಿ ತೆಗೆಯಿರಿ.

● ಮಾರುತಿ ಜಿಪ್ಸಿ ಬಂದದ್ದು 1985ರಲ್ಲಿ. ಅದರ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಲ್ಲ; ನಡುವೆ ಒಂದು ಗಿಡ್ಡ ಶಾಫ್ಟ್, ಕೂಡಲು ಮೂರು ರಬ್ಬರ್ ಮೌಂಟಿಂಗ್. ಲಿವರ್ ನಡುಗಿದರೆ, ಗೇರು ಜಾರಿದರೆ, ಗಾಡಿ ಎದ್ದೇಳುವಾಗ ಧಡಕ್ ಎಂದರೆ ಮೊದಲ ಅನುಮಾನ ಆ ಮೂರು ರಬ್ಬರಿನ ಮೇಲೆ. ಡಾನಾ 18ರಂತೆ ಎರಡಲ್ಲ, ಇದರ ಲಿವರ್ ಒಂದೇ.

● ಈಚಿನ ಹಲವು ಗಾಡಿಗಳ ಟ್ರಾನ್ಸ್‌ಫರ್ ಕೇಸಿನಲ್ಲಿ ಮುಂದಿನ ಶಾಫ್ಟಿಗೆ ಬಲ ಒಯ್ಯುವುದು ಗೇರಲ್ಲ, ಚೈನು. ಭಾರ ಬಿದ್ದಾಗ ಕಟಕಟ ಎಂದು ಹಾರಿದ ಸದ್ದು ಬಂದರೆ ಚೈನು ಉದ್ದವಾಗಿದೆ. ಇಂಥವಕ್ಕೆ ಸಾಮಾನ್ಯವಾಗಿ ತೆಳು ಎಟಿಎಫ್ ಆಯಿಲ್, ಹಳೆ ಗೇರಿನ ಪೆಟ್ಟಿಗೆಗೆ ದಪ್ಪನೆಯ 90 ನಂಬರ್ ಗೇರ್ ಆಯಿಲ್. ಒಂದರದ್ದು ಒಂದಕ್ಕೆ ಹಾಕಬಾರದು.

● ಕೊನೆಗೂ ಪೆಟ್ಟಿಗೆ ಬಿಚ್ಚಲೇಬೇಕಾಗಿ ಬಂದರೆ, ಸಾಮಾನು ತರಲು ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಡಾನಾ 18ರ ನಡುವಿನ ಗೇರು ಕೂಡುವ ಶಾಫ್ಟ್ ಕಾಲಕ್ಕೆ ತಕ್ಕಂತೆ ಮೂರು ದಪ್ಪದಲ್ಲಿ ಬಂದಿದೆ: ಯುದ್ಧಕಾಲದ ಜೀಪಿನಲ್ಲಿ ಮುಕ್ಕಾಲು ಇಂಚು, ಆಮೇಲೆ ಒಂದು ಇಂಚಿನ ಮೇಲೆ ಎಂಟನೇ ಒಂದು ಭಾಗ, ಕೊನೆಗೆ ಒಂದೂಕಾಲು ಇಂಚು. ಹೊರಗಿನಿಂದ ಮೂರೂ ಪೆಟ್ಟಿಗೆ ಒಂದೇ ರೀತಿ ಕಾಣುತ್ತವೆ. ಗೇರು, ಸೂಜಿ ಬೇರಿಂಗ್, ವಾಷರ್ ಮಾತ್ರ ಒಂದರದ್ದು ಇನ್ನೊಂದಕ್ಕೆ ಕೂಡುವುದಿಲ್ಲ. ‘ಹಳೆ ಜೀಪಿಂದು ಕೊಡ್ರಿ’ ಎಂದರೆ ಅಂಗಡಿಯವರಿಗೆ ತಿಳಿಯದು. ಶಾಫ್ಟ್ ಮುಂದಿಟ್ಟು ಅಳತೆ ಹಿಡಿಸಿ.